ಪೀಪಾಯಿ ಬರಿದಾದ ಮಧ್ಯಾಹ್ನ

ಕಳೆದ ವಾರ ನಮ್ಮ ಗ್ಯಾಲರಿಯ ತಗಡಿನ ಮೇಲೆ ಮೊದಲ ಮಳೆ ಬಿತ್ತು. ಕಾದ ತಗಡು, ಮಸಿ, ಕಾರ್ಖಾನೆಗಳ ಕಡೆಯ ಹುಳಿ ವಾಸನೆ ಒಟ್ಟಿಗೇ ಎದ್ದವು. ಮೊದಲ ಮಳೆ ಎಂದರೆ ನಿಮಗೆ ಮಣ್ಣಿನ ಪರಿಮಳ ನೆನಪಾದೀತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಸಾಲುಮನೆಗಳ ಚಾಳಿನಲ್ಲಿರುವ ನನಗೆ ಒಂದು ಪೀಪಾಯಿ ನೆನಪಾಗುತ್ತದೆ.

ಏಳು ವರ್ಷಗಳ ಹಿಂದೆ, ಸೋದರತ್ತೆಯ ಮನೆಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ನಳದಲ್ಲಿ ನೀರು ಬರುತ್ತಿದ್ದುದು ಬೆಳಿಗ್ಗೆ ಅರ್ಧ ಗಂಟೆ, ಅದೂ ಬಂದರೆ. ಬಿಜಾಪುರದ ಕಡೆಯ ಅತ್ತೆ ಮೇ ಮುಗಿಯುವ ಮೊದಲೇ ತಗಡಿನ ಅಂಚಿಗೆ ಸೀಳಿದ ಡಬ್ಬಿಗಳ ದೋಣಿ ಕಟ್ಟಿ, ಅದರ ಬಾಯನ್ನು ಪೀಪಾಯಿಗೆ ಇಳಿಸುತ್ತಿದ್ದಳು.

"ಮದಲ ಮಳಿ ಬಿಟ್ಟುಬಿಡು ಅತ್ತಿ, ಎಂಟು ತಿಂಗಳ ಮಸಿ ಅದು," ಎಂದೆ.

"ಬಿಡೂದಾ? ನಮ್ಮೂರಾಗ ಮಳಿಗೆ ಇವತ್ತ ಬ್ಯಾಡ, ನಾಳೆ ಬಾ ಅನ್ನಾಕ ಬರ್ತದೇನ? ಭಾಳ ಶ್ಯಾಣೇಕಿ ಆಗೀದಿ!"

ಮಳೆ ಬಂದು ಪೀಪಾಯಿ ತುಂಬಿತು. ಆ ವರ್ಷ ಅತ್ತೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ಮರುದಿನ ಕೂಸಿಗೆ ಈ ನೀರನ್ನೇ ಎರೆಯುವುದೆಂದು ಅತ್ತೆ ನಿಶ್ಚಯಿಸಿದ್ದಳು. ನನಗೆ ಸಂಶಯ. ಕಾಲೇಜಿನಿಂದ ಕೇಳದೆ ತಂದಿದ್ದ ನೀಲಿ ಲಿಟ್ಮಸ್ ಕಾಗದ ಅದ್ದಿದೆ, ಕೆಂಪಾಯಿತು. ಹುಳಿ ನೀರು ಎಂದು ಅತ್ತೆಗೆ ತೋರಿಸಿದೆ.

"ನಿನ್ನ ಬೆರಳಿಗೆ ಕುಂಕುಮ ಹತ್ತಿರಬೇಕು, ತೊಳಕೊಂಡು ಬಾ," ಎಂದಳು.

ವಾದ ಮಾಡುವುದಕ್ಕಿಂತ ಪೀಪಾಯಿಯ ಬುಡದ ಬಿರಡೆ ಕೀಳುವುದು ನನ್ನ ಸ್ವಭಾವಕ್ಕೆ ಹತ್ತಿರ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕಿತ್ತೆ. ನೀರೆಲ್ಲ ಸದ್ದಿಲ್ಲದೆ ಮೋರಿಗೆ ಹೋಯಿತು.

ಪಕ್ಕದ ಮನೆಯ ಮರಾಠಿ ಹೆಂಗಸನ್ನು ಎಲ್ಲರೂ ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಸಂಜೆ ಅವರ ಹಗ್ಗದ ಮೇಲೆ ಎಂಟು ಚಾದರಗಳು ನೀರಿಳಿಸುತ್ತಿದ್ದವು. ಅತ್ತೆ ಒಮ್ಮೆ ಪೀಪಾಯಿ ನೋಡಿದಳು, ಒಮ್ಮೆ ಹಗ್ಗ ನೋಡಿದಳು.

"ನಳ ಬಂದಿಲ್ಲ. ಈಕಿ ಎಂಟು ಚಾದರ ಹ್ಯಾಂಗ ಒಗದಳು?"

"ಮೀ ಚೋರ್ ನಾಹೀ!" ತಾನು ಕಳ್ಳಿಯಲ್ಲವೆಂದು ವಹಿನಿ ಮರಾಠಿಯಲ್ಲೇ ಕೂಗಿದರು. "ಮಳೆ ನಿನ್ನ ತಗಡಿನ ಮೇಲೆ ಮಾತ್ರ ಬಿತ್ತೇನು? ನಾನೂ ಬಕೆಟ್ ಇಟ್ಟಿದ್ದೆ!"

ಇಡೀ ಚಾಳು ಗ್ಯಾಲರಿಗೆ ಬಂತು. ನಾನೂ ಬಂದೆ, ಕೈಯಲ್ಲಿ ಪುಸ್ತಕ ಹಿಡಿದು. ಬಿರಡೆ ಕಿತ್ತ ಕೈಯಿಂದಲೇ ಪುಟ ತಿರುವಿದೆ.

ಅಂದಿನಿಂದ ವಹಿನಿ ನಮ್ಮ ಬಾಗಿಲು ದಾಟುವಾಗ ಕದ್ದ ನೀರಿಲ್ಲವೆಂದು ತೋರಿಸುವಂತೆ ಖಾಲಿ ಕೊಡವನ್ನು ಬೋರಲಾಗಿ ಹಿಡಿದು ನಡೆಯುತ್ತಿದ್ದರು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮರುವರ್ಷ ಅವರು ಅಂಬರನಾಥಕ್ಕೆ ಮನೆ ಬದಲಿಸಿದರು.

ಈ ಸಲದ ಮಳೆಗೆ ಅತ್ತೆ ಮತ್ತೆ ದೋಣಿ ಕಟ್ಟುತ್ತಿದ್ದಾಗ, ಅಂದು ಬಿರಡೆ ಕಿತ್ತವಳು ನಾನೇ ಎಂದು ಹೇಗೋ ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ಏಳು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ? ನನ್ನ ಪೀಪಾಯಿ ಮತ್ತ ತುಂಬಿತು. ಆಕಿಗೆ ಹತ್ತಿದ ಕಳ್ಳಿ ಅನ್ನೂ ಹೆಸರು ಹೋತೇನ? ಹೋಗು, ಹೇಳಿ ಬಾ."

ನಿನ್ನೆ ಅಂಬರನಾಥಕ್ಕೆ ಹೋದೆ. ವಹಿನಿ ಪೂರ್ತಿ ಕೇಳಿಸಿಕೊಂಡು ಕಣ್ಣು ಕಿರಿದು ಮಾಡಿದರು.

"ಅತ್ತೆ ಕಳಿಸಿದಳೇನು?"

ಸುಳ್ಳು ಹೇಳಲು ಬಂದವಳಲ್ಲವಲ್ಲ. "ಹೌದು," ಎಂದೆ.

ಅವರು ನಕ್ಕರು. "ಹಾಗೆನ್ನು! ತನ್ನ ತಪ್ಪು ಒಪ್ಪಲು ನಾಚಿಕೆ, ಅದಕ್ಕೆ ನಿನ್ನ ಮೇಲೆ ಹೊರಿಸಿದ್ದಾಳೆ."

ಬಿರಡೆ ಎಲ್ಲಿತ್ತು, ಗಂಟೆ ಎಷ್ಟಾಗಿತ್ತು, ಕಾಗದ ಯಾವ ಬಣ್ಣಕ್ಕೆ ತಿರುಗಿತು, ಎಲ್ಲವನ್ನೂ ವಿವರಿಸಿದೆ. ವಿವರ ಹೆಚ್ಚಾದಷ್ಟೂ ಅವರ ನಂಬಿಕೆ ಕಡಿಮೆಯಾಯಿತು. "ಎಷ್ಟು ಚೆನ್ನಾಗಿ ಕಲಿಸಿ ಕಳಿಸಿದ್ದಾಳೆ," ಎಂದರು.

ಚಹಾ ಕೊಟ್ಟು, ಬೆನ್ನು ತಡವಿ, "ಒಳ್ಳೆಯ ಹುಡುಗಿ ನೀನು," ಎನ್ನುತ್ತ ಬಾಗಿಲವರೆಗೆ ಬಂದರು. ಒಳ್ಳೆಯವಳು ಅನ್ನಿಸಿಕೊಂಡು ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.