ನಕ್ಷೆ ಓದುತ್ತಿದ್ದ ಪ್ರಿಂಟ್ ಕಾಕಾ

ಹಳೆಯ ನಕ್ಷೆಗಳ ಸುರುಳಿ ಬಿಚ್ಚಿದೊಡನೆ ಅಮೋನಿಯಾ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಕಾಗದ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ನಮ್ಮ ವಾಸ್ತುಶಿಲ್ಪಿಗಳ ಸಂಘದ ಸುದ್ದಿಪತ್ರ ಈ ಸಲ ಸಂಘದ ಭವನದ ಬಗ್ಗೆಯೇ ವಿಶೇಷ ಸಂಚಿಕೆ ತರುತ್ತದಂತೆ; ಮೂಲ ನಕ್ಷೆ ಹುಡುಕಿಕೊಡಿ ಎಂದು ಕಾರ್ಯದರ್ಶಿ ದಿನಕ್ಕೆ ಮೂರು ಸಲ ವಾಟ್ಸ್ಆ್ಯಪ್ ಮಾಡುತ್ತಿದ್ದ. ಪ್ರತಿ ಸಲವೂ ಕೈಮುಗಿದ ಚಿತ್ರ ಬೇರೆ. ಅವನ ಕಾಟ ತಾಳದೆ ಅಟ್ಟ ಹತ್ತಿದ್ದೆ. ಆ ವಾಸನೆಗೆ ಕಣ್ಣು ಉರಿದು, ಧೂಳಿನಲ್ಲೇ ಕೂತುಬಿಟ್ಟೆ. ತಾಂಡೂರಿನ ಪ್ರಿಂಟ್ ಕಾಕಾ ನೆನಪಾದರು...

ಕಂಪ್ಯೂಟರು ಇನ್ನೂ ತೆಲುಗು ಗಡಿಯ ನಮ್ಮ ಕಡೆ ಬಾರದ ಕಾಲವದು. ಕೈಯಲ್ಲಿ ಬರೆದ ನಕ್ಷೆಗೆ ನೀಲಿ ಪ್ರತಿ ತೆಗೆಯುವ ಅಮೋನಿಯಾ ಯಂತ್ರ ಇದ್ದದ್ದು ಕಾಕಾನ ಅಂಗಡಿಯಲ್ಲಿ ಮಾತ್ರ. ಜಹೀರಾಬಾದಿನ ನಾನಾಗಲಿ, ನಾರಾಯಣಖೇಡದ ಗೆಳೆಯರಾಗಲಿ, ನಕ್ಷೆ ಬರೆದು ಮುಗಿಸಿದ ಮೇಲೆ ಬಸ್ಸು ಬದಲಿಸುತ್ತ ಅಲ್ಲಿಗೇ ಹೋಗಬೇಕಿತ್ತು. ಕಾಕಾ ಯಾಲಾಲ್ ಕಡೆಯವರು, ಕುರಿ ಕಾಯುವ ಮನೆತನ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆ ಕಲಿತವರು. ಅವರ ಕೆಲಸ ಪ್ರಿಂಟ್ ತೆಗೆಯುವುದಷ್ಟೇ. ಆದರೆ ಆ ಮನುಷ್ಯ ಪ್ರತಿ ನಕ್ಷೆಯನ್ನೂ ಓದುತ್ತಿದ್ದರು. ನನಗೆ ತಲೆ ಕೆಡುತ್ತಿದ್ದದ್ದು ಅದಕ್ಕೇ.

"ಸಾಬ್ರೇ, ಈ ಮನ್ಯಾಗ ಪಾಯಖಾನಿಗಿ ಬಾಗ್ಲಾನೇ ಇಲ್ಲಲ್ರಿ?"

ಅದನ್ನು ಕಿವಿಯಲ್ಲಿ ಹೇಳಿದ್ದರೆ ಬೇರೆ ಮಾತು. ಅಂಗಡಿಯಲ್ಲಿ ಇನ್ನೂ ಇಬ್ಬರು ವಾಸ್ತುಶಿಲ್ಪಿಗಳು ಚಹಾ ಕುಡಿಯುತ್ತಿದ್ದಾಗ, ಮನೆ ಕಟ್ಟಿಸುವ ಆಸಾಮಿ ನನ್ನ ಪಕ್ಕದಲ್ಲೇ ನಿಂತಿದ್ದಾಗ ಹೇಳಿದ್ದರು. ಬಾಗಿಲು ಬಿಟ್ಟುಹೋಗಿದ್ದು ನಿಜ. ಸೀಸದ ಕಡ್ಡಿ ತೆಗೆದು ಅಲ್ಲೇ ಬರೆದೆ. ಆದರೆ ಹಲ್ಲು ಕಡಿದುಕೊಂಡೇ ಬರೆದೆ.

ಆ ದಿನಗಳಲ್ಲಿ ಸಂಘದ ಸುದ್ದಿಪತ್ರ ನನ್ನ ಕೈಯಲ್ಲಿತ್ತು. ಒಟ್ಟು ನಾಲ್ಕು ಪುಟ; ಮೂರರಲ್ಲಿ ತೆಲುಗು, ಇಂಗ್ಲಿಷ್, ಕೊನೆಯದು ನನ್ನ ಹಟಕ್ಕೆ ಕನ್ನಡ. ಯಾರಿಗೆ ಸನ್ಮಾನ, ಯಾರ ಮಗನಿಗೆ ಮೊದಲ ಕೂದಲು ತೆಗೆಸುವ ಜವಳ, ಮುಂದಿನ ಸಭೆ ಯಾವ ಊರಲ್ಲಿ, ಟೈಲ್ಸ್ ಕಂಪನಿಯವರ ಊಟ ಯಾವಾಗ... ಇಷ್ಟೇ ಸುದ್ದಿ. ಕಾಕಾನ ಅಂಗಡಿಯ ಜೆರಾಕ್ಸ್ ಯಂತ್ರದಲ್ಲೇ ಅದರ ಪ್ರತಿಗಳು ಬರುತ್ತಿದ್ದವು. ಅದನ್ನೂ ಅವರು ಓದುತ್ತಿದ್ದರು. "ಮಂದಿಗೆ ಹಾರ ಹಾಕಿದ್ದೇ ಅದ. ಮನಿ ಹ್ಯಾಂಗ ಕಟ್ಟಬೇಕಂತ ಒಂದ್ ಸಾಲೂ ಇಲ್ಲಲ್ರಿ?" ಎಂದು ಒಮ್ಮೆ ಕೇಳಿದರು. ನಾನು ಪ್ರತಿಗಳನ್ನು ಎಣಿಸತೊಡಗಿದೆ.

ಜಹೀರಾಬಾದಿನಲ್ಲಿ ಸಂಘಕ್ಕೆ ಸ್ವಂತ ಭವನ ಕಟ್ಟಬೇಕೆಂದಾಯಿತು. ಹತ್ತಾರು ನಕ್ಷೆಗಳಲ್ಲಿ ನನ್ನದನ್ನು ಆರಿಸಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಪ್ರಿಂಟ್ ತೆಗೆಸಲು ಹೋದರೆ ಕಾಕಾ ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೆಟ್ಟಿಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ಮ್ಯಾಲ ತೊಲಿ ಹಾದದಲ್ರಿ, ಹತ್ತೋರಿಗಿ ತಲಿ ಬಡಿತದರಿ."

"ನೀವು ಪ್ರಿಂಟ್ ತೆಗೀರಿ, ಸಾಕು."

"ತೆಗಿತೀನ್ರಿ. ಖರೇ, ಬಡಿತದರಿ."

ಹನ್ನೆರಡು ಪ್ರತಿ ತೆಗೆದುಕೊಟ್ಟರು. ಬಸ್ಸಿನಲ್ಲಿ ಉದ್ದಕ್ಕೂ ಉರಿಯುತ್ತಲೇ ಬಂದೆ. ಐದು ವರ್ಷ ಕಾಲೇಜಿನಲ್ಲಿ ಮಣ್ಣು ಹೊತ್ತು ಕಲಿತವನಿಗೆ ಪ್ರಿಂಟ್ ಹೊಡೆಯುವವರು ಪಾಠ ಹೇಳುವುದೇ? ಸಿಟ್ಟಿನಲ್ಲಿ ಆ ಮೆಟ್ಟಿಲಿನ ಅಳತೆಯನ್ನು ಮತ್ತೆ ನೋಡಲೇ ಇಲ್ಲ.

ಭವನದ ಮೆಟ್ಟಿಲಿಗೂ ತೊಲೆಗೂ ಅಚ್ಚಿನ ಹಲಗೆ ಕಟ್ಟಿ ಮುಗಿದಿತ್ತು, ಮರುದಿನ ಅದರೊಳಗೆ ಕಾಂಕ್ರೀಟು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಕೆಲಸ ನಿಂತಿದೆ. ಮೇಸ್ತ್ರಿ, ಕೂಲಿಯವರು ಎಲ್ಲ ತಲೆಯೆತ್ತಿ ನಿಂತಿದ್ದಾರೆ. ಹಲಗೆಯ ಮೆಟ್ಟಿಲ ಮೇಲೆ ಪ್ರಿಂಟ್ ಕಾಕಾ! ಕೈಯಲ್ಲಿ ಕುರಿ ಕಾಯುವ ಕೋಲು, ಅವರಷ್ಟೇ ಎತ್ತರದ್ದು. ಒಂಬತ್ತನೆಯ ಮೆಟ್ಟಿಲಿನಲ್ಲಿ ಅದನ್ನು ನೇರ ನಿಲ್ಲಿಸಲು ನೋಡುತ್ತಿದ್ದರು. ನಿಲ್ಲುತ್ತಿರಲಿಲ್ಲ. ತುದಿ ತೊಲೆಯ ಹಲಗೆಗೆ ತಾಗಿ ವಾರೆಯಾಗುತ್ತಿತ್ತು. ಅಂಗಡಿ ಮುಚ್ಚಿ, ತಾಂಡೂರಿನಿಂದ ಬಸ್ಸು ಹಿಡಿದು ಇದಕ್ಕಾಗಿಯೇ ಬಂದಿದ್ದರು.

ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. "ಇಲ್ಲೇನ್ ಕೆಲಸ್ರಿ ನಿಮಗ? ನೀವೇನ್ ಆರ್ಕಿಟೆಕ್ಟ್ ಇದ್ದೀರೇನು?" ಎಂದು ಎಲ್ಲರ ಮುಂದೆ ಕೂಗಾಡಿದೆ.

ಅವರು ಕೆಳಗಿಳಿದು ಬಂದರು. "ಅಲ್ರಿ. ಮೆಟ್ಟಿಲ ಹತ್ತೋ ಮನಷ್ಯಾ ಇದ್ದೀನ್ರಿ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೋಡಿ ಸುಮ್ಮ ಕುಂತ್ರ ನನಗ ನಿದ್ದಿ ಬರಲ್ರಿ. ನಾಳಿ ಮಾಲ್ ಹಾಕಿಬಿಟ್ರ ಏನ್ ಮಾಡಾಕ ಬರ್ತದ?"

ಹಾಗೆಯೇ ಹೊರಟುಹೋದರು. ಒಂದು ಗುಟುಕು ನೀರು ಕುಡಿಯಿರಿ ಎಂದೂ ನಾನು ಹೇಳಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ. ಮೆಟ್ಟಿಲು ಹತ್ತಿ ತೊಲೆಗೆ ಹಣೆ ತಾಗಿಸಿ ನಿಂತ. ಕೂಲಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಟ್ಟಿದ್ದ ಹಲಗೆ ಬಿಚ್ಚಿಸಿ, ಮೆಟ್ಟಿಲನ್ನು ಹಿಂದಕ್ಕೆ ಸರಿಸಿ ಮತ್ತೆ ಕಟ್ಟಿಸಲು ನಾಲ್ಕು ದಿನ ಹಿಡಿಯಿತು. ಸಂಘದವರಿಗೆ ಮಳೆ ಎಂದು ಸುಳ್ಳು ಹೇಳಿದೆ.

ಭವನ ಮುಗಿಯಿತು. ಉದ್ಘಾಟನೆಯ ಸಂಚಿಕೆಯ ಕನ್ನಡ ಪುಟದಲ್ಲಿ ನಾನೇ ಒಂದು ಲೇಖನ ಬರೆದೆ. ಮೆಟ್ಟಿಲಿನ ವಿಷಯಕ್ಕೆ ಬಂದಾಗ, ವಾಸ್ತುಶಿಲ್ಪಿ ಕೊನೆಯ ಗಳಿಗೆಯಲ್ಲಿ ತೋರಿದ ದೂರದೃಷ್ಟಿಯಿಂದ ಅದು ಇಷ್ಟು ವಿಶಾಲವಾಯಿತು ಎಂದು ಬರೆದುಕೊಂಡೆ. ಬರೆಯುವಾಗ ಕೈ ತಡವರಿಸಲಿಲ್ಲ ಎಂಬುದೇ ಈಗ ನಾಚಿಕೆ. ಆ ಪುಟವನ್ನು ಜೆರಾಕ್ಸ್ ಮಾಡಲು ಕೊಂಡುಹೋಗಿ ಕೊಟ್ಟದ್ದು ಯಾರ ಕೈಗೆ?

ಕಾಕಾ ಎಂದಿನಂತೆ ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಗೋಡೆ ನೋಡುತ್ತ ನಿಂತಿದ್ದೆ. ಓದಿ ಮುಗಿಸಿ ಕಿವಿಯ ಮೇಲಿದ್ದ ಪೆನ್ನು ತೆಗೆದರು.

"ದೂರದೃಷ್ಟಿ ಅಂಬಲ್ಲಿ ಒಂದ್ ಒತ್ತಕ್ಷರ ಬಿಟ್ಟದರಿ," ಎಂದು ತಿದ್ದಿದರು. "ಎಷ್ಟು ಕಾಪಿ ತೆಗೀಲ್ರಿ?"

ಅಷ್ಟೇ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಜಗಳವಾದರೂ ಆಗಿ ಮುಗಿಯುತ್ತಿತ್ತು...

ಆಮೇಲೆ ಕಂಪ್ಯೂಟರು ಬಂತು, ಜಹೀರಾಬಾದಿನಲ್ಲೇ ದೊಡ್ಡ ಪ್ರಿಂಟರು ಬಂತು. ತಾಂಡೂರಿಗೆ ಹೋಗುವ ಕೆಲಸ ತಪ್ಪಿತು. ತಪ್ಪಿದ್ದಕ್ಕೆ ಒಳಗೊಳಗೇ ಸಮಾಧಾನವಾಗಿತ್ತು ಎಂದು ಈಗ ಒಪ್ಪಿಕೊಳ್ಳಬಹುದು.

ಅಟ್ಟದಿಂದ ಇಳಿದವನೇ ಕಾರ್ಯದರ್ಶಿಗೆ ಫೋನು ಮಾಡಿದೆ. ಭವನ ಕಟ್ಟಿದವರ ಪಟ್ಟಿಯಲ್ಲಿ ಪ್ರಿಂಟ್ ಕಾಕಾನ ಹೆಸರು ಹಾಕು, ಮೆಟ್ಟಿಲಿನ ಕಥೆ ನಾನೇ ಬರೆದುಕೊಡುತ್ತೇನೆ ಎಂದೆ.

"ಅವ್ರು ಮೆಂಬರ್ ಇದ್ದಿಲ್ಲಲ್ರಿ ಸರ್," ಎಂದ. "ಹ್ಯಾಂಗ ಹಾಕಾಕ ಬರ್ತದರಿ? ನಿಮ್ಮ ಒಂದು ಚಲೋ ಫೋಟೋ ಕಳಿಸಿಬಿಡ್ರಿ."

ಹಾಗಾದರೆ ನಕ್ಷೆಯೂ ಕೊಡುವುದಿಲ್ಲ, ಫೋಟೋವೂ ಕೊಡುವುದಿಲ್ಲ ಎಂದು ಫೋನು ಇಟ್ಟೆ. ಮರುದಿನ ತಾಂಡೂರಿಗೆ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ. ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಅವರ ಹೆಂಡತಿ ಹೊರಸಿನ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ.

"ಅವ್ರು ಹೋಗಿ ಎರಡು ವರ್ಸ ಆತ್ರಿ," ಎಂದರು. "ನಿಮ್ಮ ಸಂಘಕ್ಕ ಫೋನ್ ಮಾಡಿ ತಿಳಿಸಿದ್ದೆವ್ರಿ. ಪೇಪರಿನ್ಯಾಗ ಹಾಕ್ತೀವಿ ಅಂದಿದ್ರು."

ಹಾಕಿರಲಿಲ್ಲ. ಎರಡು ವರ್ಷದ ಒಂದೊಂದು ಸಂಚಿಕೆಯೂ ನನ್ನ ಮನೆಗೆ ಬಂದಿತ್ತು. ಕ್ರಿಕೆಟ್ ಪಂದ್ಯ ಬಂದಿತ್ತು, ಗೃಹಪ್ರವೇಶಗಳು ಬಂದಿದ್ದವು, ಶಾಲು ಹೊದಿಸಿಕೊಂಡ ನನ್ನ ಮುಖವೂ ಎರಡು ಸಲ ಬಂದಿತ್ತು.

ಆಕೆ ನೀರು ತಂದುಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತ ಕೇಳಿದರು:

"ಆ ಬಿಲ್ಡಿಂಗ್ ಹ್ಯಾಂಗ ಆಗ್ಯಾದರಿ? ಯಾರರ ಕರದ್ರ ಒಮ್ಮಿ ಹೋಗಿ ನೋಡಬೇಕು ಅಂತಿದ್ರು."

ಚೆನ್ನಾಗಿದೆ ಎಂದೆ. ಆಕೆ ಮತ್ತೆ ಮೊರ ಎತ್ತಿಕೊಂಡರು.