ಕಾಲು ನೆನೆದ ನಿಂಬೆ

“ನನ್ನ ಕೈಲಿ ಗಿಡ ಸಾಯಲ್ಲ. ಸಾಯ್ತೀನಿ ಅಂತ ಅದೇ ಹಟ ಹಿಡಿದ್ರೂ ನಾನು ಬಿಡಲ್ಲ.”

ಸಸಿ ಕೊಳ್ಳಲು ಬಂದವರಿಗೆ ಚಿಗುರಜ್ಜಿ ಮೊದಲು ಕೊಡುತ್ತಿದ್ದದ್ದು ಸಸಿಯನ್ನಲ್ಲ, ಈ ಮಾತನ್ನು. ಆಮೇಲೆ ಸಾಕ್ಷಿಗಳು ಒಂದೊಂದಾಗಿ ಹೊರಬರುತ್ತಿದ್ದವು. ಪೊರಕೆಯ ಒಂದು ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ಮರೆತಿದ್ದಕ್ಕೆ ಅದು ಮೊಗ್ಗು ಬಿಟ್ಟು, ಉಳಿದ ಕಡ್ಡಿಗಳೂ ತಮ್ಮನ್ನು ನೆಡಿ ಅಂತ ಹಟ ಹಿಡಿದು, ವಾರಗಟ್ಟಲೆ ಮನೆ ಗುಡಿಸಲು ಆಗಲಿಲ್ಲವಂತೆ. ಗೋಡೆಗೆ ಒರಗಿಸಿಟ್ಟ ಊರುಗೋಲಿಗೆ ಎಲೆ ಬಂದು, ಹೊರಗೆ ಹೊರಡುವ ಮುಂಚೆ ಪ್ರತಿ ಸಲವೂ ಅದನ್ನು ಕತ್ತರಿಸಿ ಸಮ ಮಾಡಿಕೊಳ್ಳಬೇಕಾಗುತ್ತಿತ್ತಂತೆ. ಈ ‘ಅಂತೆ’ಗಳನ್ನೆಲ್ಲ ಜರಡಿ ಹಿಡಿದರೂ ಒಂದು ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು. ಅದು ಹಿತ್ತಲಿನ ನಿಂಬೆ ಗಿಡ.

ಎರಡು ಕೋಣೆಯ ತಗಡಿನ ಮನೆ, ಅದರ ಹಿಂದೆ ಮನೆಗಿಂತ ಸ್ವಲ್ಪ ದೊಡ್ಡ ಹಿತ್ತಲು. ಬಣ್ಣದ ಡಬ್ಬ, ಎಣ್ಣೆ ಟಿನ್ನು, ತೂತು ಬಿದ್ದ ಬಕೆಟ್ಟು, ಒಂಟಿ ಗಂಬೂಟು, ಹೀಗೆ ಯಾವುದರ ಹೊಟ್ಟೆ ಮಣ್ಣು ಹಿಡಿಸುತ್ತದೋ ಅದರಲ್ಲೆಲ್ಲ ಸಸಿ. ನಟ್ಟನಡುವೆ ಆ ನಿಂಬೆ. ವರ್ಷವಿಡೀ ಕಾಯಿ, ಕಾಗದದಂಥ ಸಿಪ್ಪೆ, ಒಂದು ಹಣ್ಣು ಹಿಂಡಲು ಕೂತರೆ ಎರಡನೆಯ ಲೋಟಕ್ಕೆ ಒಳಗೆ ಓಡಬೇಕು ಅನ್ನುವಷ್ಟು ರಸ. ಅದರ ಎಳೆ ಕೊಂಬೆಯ ತೊಗಟೆಯನ್ನು ಉಂಗುರದ ಹಾಗೆ ಸುತ್ತಲೂ ಸುಲಿದು, ಒದ್ದೆ ಮಣ್ಣು ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಕಟ್ಟಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಇದಕ್ಕೆ ಗೂಟಿ ಕಟ್ಟುವುದು ಅನ್ನುತ್ತಾರೆ. ಅಜ್ಜಿಯ ಯಜಮಾನರು ಬಸ್ ಓಡಿಸುವುದನ್ನು ಬಿಟ್ಟು, ಅಂದರೆ ಕಾಲುಗಳೇ ಅವರನ್ನು ಬಿಟ್ಟು, ಮಂಚ ಹಿಡಿದ ಮೇಲೆ ಆ ಮನೆಯ ಒಲೆ ಉರಿದದ್ದು ಈ ಗೂಟಿ ಗಿಡಗಳಿಂದಲೇ. ಮಗ ಲಾರಿಯ ಮೇಲೆ ಊರೂರು ಸುತ್ತುತ್ತಾ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹಿತ್ತಲು ಅತ್ತೆ ಸೊಸೆಯರದು. ಅದರಲ್ಲೂ ಹಾರೆ ಗುದ್ದಲಿ ಸೊಸೆಯದು, ಮಾತು ಅತ್ತೆಯದು.

ಪ್ರತಿ ನಿಂಬೆ ಸಸಿಯ ಜೊತೆ ಅಜ್ಜಿ ಎರಡು ಉಪದೇಶಗಳನ್ನು ಪುಕ್ಕಟೆ ಕಟ್ಟಿಕೊಡುತ್ತಿದ್ದಳು. ಒಂದು, ನಿಂಬೆ ಬೆಕ್ಕಿದ್ದ ಹಾಗೆ, ನೀರು ಕುಡಿಯುತ್ತೆ, ನೀರಲ್ಲಿ ನಿಲ್ಲಲ್ಲ. ಇದು ಅಪ್ಪಟ ನಿಜ. ಇನ್ನೊಂದು, ಇದರ ಕಡ್ಡಿಯನ್ನು ಯಾರು ಕೇಳಿದರೂ ಕೊಡಕೂಡದು, ಕೊಟ್ಟರೆ ಗಿಡ ಮುನಿಸಿಕೊಂಡು ಆ ವರ್ಷವೇ ಒಣಗುತ್ತದೆ. ಇದು ಅಪ್ಪಟ ಸುಳ್ಳು. ಕಡ್ಡಿ ಮುರಿದು ಚುಚ್ಚಿದರೂ ಬೇರು ಬಿಡುವ ಜಾತಿ ಅದು. ಕೊಂಡವರು ಅಕ್ಕಪಕ್ಕಕ್ಕೆಲ್ಲ ಕಡ್ಡಿ ಹಂಚುತ್ತಾ ಹೋದರೆ ಅಜ್ಜಿಯ ಸಸಿಯನ್ನು ಕೇಳುವವರಾರು? ಸಸಿಗಿಂತ ಚೆನ್ನಾಗಿ ಆ ಸುಳ್ಳೇ ಬೇರು ಬಿಟ್ಟಿತು. ಸುತ್ತಲಿನ ಬೀದಿಗಳಲ್ಲಿ ಅಕ್ಕತಂಗಿಯರು ಒಡವೆಯನ್ನಾದರೂ ಎರವಲು ಕೊಡುತ್ತಿದ್ದರು, ನಿಂಬೆ ಕಡ್ಡಿ ಕೊಡುತ್ತಿರಲಿಲ್ಲ. ಹೇಳಿ ಹೇಳಿ ಅಜ್ಜಿಗೇ ಅದು ಅರ್ಧ ನಿಜವಾಗಿಬಿಟ್ಟಿತ್ತು. ಸೊಸೆ ಒಮ್ಮೆ ತನ್ನ ತಾಯಿಗೆಂದು ಒಂದು ಕಡ್ಡಿ ಕೇಳಿದ್ದಕ್ಕೆ, ಹಣ್ಣು ಬೇಕಾದರೆ ಚೀಲದ ತುಂಬ ಒಯ್ಯಿ, ಕಡ್ಡಿಯ ಮಾತು ಎತ್ತಬೇಡ ಅಂದಿದ್ದಳು. ಸೊಸೆ ಹಣ್ಣನ್ನೂ ಒಯ್ಯಲಿಲ್ಲ.

ಆಮೇಲೆ ಆ ಬೇಸಿಗೆ ಬಂತು. ನೆರಳಿಗೂ ಬೆವರು ಬಂದ ಬೇಸಿಗೆ. ಕಾಗೆಗಳು ಹಾರುವುದನ್ನು ಬಿಟ್ಟು ಗೋಡೆಯ ಬುಡದಲ್ಲಿ ನಡೆದುಕೊಂಡು ಹೋಗುತ್ತಿದ್ದವು. ಮೀನಿನಂಗಡಿಯವನು ಮೀನಿಗೆ ನೀರು ಚಿಮುಕಿಸುವ ಬದಲು ಸಮಾಧಾನ ಹೇಳುತ್ತಿದ್ದ. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮು, ಆಮೇಲೆ ಗೊರಗೊರ, ಕೊನೆಗೆ ತುಕ್ಕಿನ ಬಣ್ಣದ ಒಂದು ಗುಟುಕು. ಟ್ಯಾಂಕರ್ ಬಂದ ದಿನ ಬೀದಿಯಲ್ಲಿ ಕೊಡಗಳೇ ಜಗಳವಾಡುತ್ತಿದ್ದವು. ಹೆಂಗಸರು ಹಿಂದೆ ನಿಂತು ಹುರಿದುಂಬಿಸುತ್ತಿದ್ದರು.

ಇಲ್ಲಿಯವರೆಗೆ ತಮಾಷೆ. ಆಮೇಲೆ ಸಸಿಗಳು ಸಾಯತೊಡಗಿದವು.

ಇರುವ ನೀರು ಎಲ್ಲಕ್ಕೂ ಸಾಲದು ಅಂತ ಗೊತ್ತಾದ ದಿನ ಅಜ್ಜಿ ಹಿತ್ತಲಿನ ಬಾಗಿಲಲ್ಲಿ ಕೂತು ತುಂಬ ಹೊತ್ತು ನೋಡಿದಳು. ತಾಯಿ ಉಳಿದರೆ ಮಕ್ಕಳನ್ನು ಮತ್ತೆ ಹೆರುತ್ತಾಳೆ ಅಂದಳು. ಅಂದಿನಿಂದ ಡಬ್ಬಗಳಿಗೆ ನೀರು ನಿಂತಿತು. ಗೂಟಿ ಬಿಡಿಸಿ ನೆಟ್ಟಿದ್ದ ನಿಂಬೆ ಮರಿಗಳು ಸಾಲುಸಾಲಾಗಿ ಒಣಗಿದವು. ನಾಲ್ಕನ್ನಾದರೂ ಉಳಿಸೋಣವೆಂದು ಸೊಸೆ ತಾನು ಕುಡಿಯುವ ನೀರಲ್ಲೇ ಮಿಗಿಸಿ ಕದ್ದುಮುಚ್ಚಿ ಹಾಕಿದಳು. ಅಜ್ಜಿ ಕಂಡೂ ಕಾಣದ ಹಾಗೆ ಇದ್ದಳು. ಬಿಸಿಲು ಹಾಗಿರಲಿಲ್ಲ, ಅವನ್ನೂ ಕಂಡಿತು. ಒಣಗಿದ್ದನ್ನು ಕಿತ್ತು ಒಲೆಗೆ ಹಾಕುವ ಕೆಲಸವೂ ಸೊಸೆಯದೇ ಆಯಿತು. ಆ ದಿನಗಳಲ್ಲಿ ಅಡುಗೆಮನೆಯ ಹೊಗೆಗೆಲ್ಲ ನಿಂಬೆಯ ಕಂಪು.

ತಾಯಿ ಗಿಡಕ್ಕೆ ಮಾತ್ರ ರಾಜೋಪಚಾರ. ಬುಡದ ಸುತ್ತ ನೀರು ನಿಲ್ಲಿಸುವ ಅಗಲವಾದ ಪಾತಿ, ಪಾತಿಯ ಸುತ್ತ ಮೊಣಕಾಲೆತ್ತರದ ಬದು. ಒಂದು ಹನಿಯೂ ಸೋರಬಾರದೆಂದು ಅಜ್ಜಿ ಜೇಡಿಮಣ್ಣು ತರಿಸಿ, ತುಳಿದು ಹದ ಮಾಡಿ, ಆ ಬದುವಿಗೆ ತನ್ನ ಕೈಯಾರೆ ಮೆತ್ತಿದಳು. ಮುಖ ತೊಳೆದ ನೀರು, ಕಾಳು ತೊಳೆದ ನೀರು, ಎಲ್ಲ ಅಲ್ಲಿಗೆ. ಯಜಮಾನರ ಸ್ನಾನವೂ ಅಲ್ಲಿಗೇ ವರ್ಗವಾಯಿತು. ಅತ್ತೆ ಸೊಸೆ ಸೇರಿ ಅವರನ್ನು ಕುರ್ಚಿ ಸಮೇತ ಎತ್ತಿ ತಂದು ಪಾತಿಯೊಳಗೆ ಇಡುವುದು, ಅಜ್ಜಿ ಚೊಂಬಿನಿಂದ ಅವರ ನೆತ್ತಿಯ ಮೇಲೆ ಸಣ್ಣಗೆ ಸುರಿಯುವುದು. ಸೋಪು ನಿಷಿದ್ಧ, ಬೇರಿಗೆ ಆಗಿಬರುವುದಿಲ್ಲ.

“ಸೋಪಿಲ್ಲ ಅಂದ್ರೆ ಇದು ಸ್ನಾನ ಅಲ್ಲ ಕಣೇ, ನೀರಾವರಿ,” ಅಂದರು ಯಜಮಾನರು.

“ಸ್ವಲ್ಪ ಎಡಕ್ಕೆ ವಾಲಿ,” ಅಂದಳು ಅಜ್ಜಿ. “ಆ ಕಡೆ ಬೇರಿಗೆ ಬೀಳ್ತಿಲ್ಲ.”

ಹೀಗೆ ಗಂಡನ ಮೈಮೇಲೆ ಹಾದು ಬಂದ ನೀರು ಕುಡಿದು ಗಿಡ ಉಳಿಯಿತು. ಹೂ ಉದುರಿತು, ಕಾಯಿ ಉದುರಿತು, ಹಸಿರು ಮಾತ್ರ ಹೋಗಲಿಲ್ಲ. ಬೀದಿಯವರು ಬಂದು ಬಂದು ನೋಡಿದರು. ಅಜ್ಜಿ ಎಲ್ಲರಿಗೂ ತನ್ನ ಮೊದಲ ಮಾತನ್ನು ಇನ್ನೊಮ್ಮೆ ಹೇಳಿ ಕಳಿಸಿದಳು.

ಮಳೆ ಬಂದದ್ದು ಒಂದು ಮಧ್ಯಾಹ್ನ. ತಗಡಿನ ಮೇಲೆ ಮೊದಲ ಹನಿ ಬಿದ್ದಾಗ ಯಾರೋ ಕಲ್ಲು ಹೊಡೆದರೆಂದು ಸೊಸೆ ಬೈಯಲು ಹೊರಗೆ ಬಂದಳು. ಬೈಗುಳ ಮುಗಿಯುವುದರೊಳಗೆ ಬಾಯಿ ತುಂಬ ನೀರು. ಕಾದು ಇಟ್ಟಿಗೆಯಾಗಿದ್ದ ನೆಲಕ್ಕೆ ಕುಡಿಯುವುದೇ ಮರೆತುಹೋಗಿತ್ತು. ಬೀದಿ ಹೊಳೆಯಾಯಿತು. ಒಬ್ಬರ ಮನೆಯ ಚಪ್ಪಲಿಗಳು ಇನ್ನೊಬ್ಬರ ಮನೆಗೆ ಹೇಳದೆ ಕೇಳದೆ ನೆಂಟಸ್ತನಕ್ಕೆ ಹೋದವು. ಅಜ್ಜಿ ಅಂಗಳದಲ್ಲಿ ಬೊಗಸೆ ಒಡ್ಡಿ ನಿಂತಳು. ಬೊಗಸೆ ತುಂಬಿದ್ದೇ ತಡ, ಒಂದು ಹನಿಯೂ ಚೆಲ್ಲದ ಹಾಗೆ ನಡೆದು ಹೋಗಿ, ಆ ಸುರಿಮಳೆಯಲ್ಲೇ, ಅದನ್ನೂ ಪಾತಿಗೆ ಸುರಿದಳು.

ಪಾತಿ ತುಂಬಿತು. ಅಜ್ಜಿ ಮೆತ್ತಿದ ಬದು, ಸೋರುವುದುಂಟೇ? ಮರುದಿನವೂ ಮಳೆ ಬಿಡಲಿಲ್ಲ. ನಿಂಬೆ ಮೊಣಕಾಲುದ್ದ ನೀರಲ್ಲಿ ನಿಂತಿತ್ತು. ಸೊಸೆ ತಲೆಗೆ ಗೋಣಿ ಹೊದ್ದು ಗುದ್ದಲಿ ಹಿಡಿದು ಬಂದಳು.

“ಅತ್ತೆ, ಒಂದು ಕಡೆ ಬದು ಒಡೀತೀನಿ. ನೀರು ಹೋಗಲಿ.”

“ಎಲ್ಲಿಗೆ ಹೋಗಲಿ? ಈ ನೀರಿಗೋಸ್ಕರ ನಿಮ್ಮ ಮಾವನ್ನ ಗೊಂಬೆ ತರ ಹೊತ್ತು ಕೂರಿಸಿದ್ದು ಮರೆತುಹೋಯ್ತಾ?”

“ನಿಂಬೆ ಬೆಕ್ಕಿದ್ದ ಹಾಗೆ ಅಂತ ನೀವೇ ಅಲ್ವಾ ಊರಿಗೆಲ್ಲ ಹೇಳೋದು?”

“ಇದು ಬೇಸಿಗೆಯೆಲ್ಲ ಬಾಯಾರಿದ ಬೆಕ್ಕು. ಕುಡೀಲಿ ಬಿಡು. ತುಂಬಿದ ಕೊಡ ಒದೆಯೋಳು ಈ ಮನೇಲಿ ಇನ್ನೂ ಹುಟ್ಟಿಲ್ಲ.”

“ನಾನು ಈ ಮನೇಲಿ ಹುಟ್ಟಿದೋಳಲ್ಲ ಅತ್ತೆ, ಬಂದೋಳು,” ಅಂದು ಸೊಸೆ ಗುದ್ದಲಿ ಎತ್ತಿದಳು.

ಅಜ್ಜಿ ಹೋಗಿ ಬದುವಿನ ಮೇಲೇ ಕೂತುಬಿಟ್ಟಳು, ಕಡ್ಡಿ ಮುರಿದ ಕೊಡೆ ಹಿಡಿದುಕೊಂಡು. ಈಗ ಗುದ್ದಲಿ ಹಾಕಬೇಕಾದರೆ ಅತ್ತೆಯ ಮೇಲೇ ಹಾಕಬೇಕು. ಆಸೆಯಾಗಲಿಲ್ಲ ಅಂತಲ್ಲ, ಸೊಸೆ ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.

ಅಜ್ಜಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೂರಾರು ಜನಕ್ಕೆ ಬಾಯಿಪಾಠ ಮಾಡಿಸಿದವಳು ಅವಳೇ. ಆದರೆ ಗೊತ್ತಿದ್ದದ್ದು ತಲೆಗೆ. ಕೈಗೆ ಗೊತ್ತಿದ್ದದ್ದು ಒಂದೇ, ನೀರು ಬಿಡಬಾರದು. ಈ ಮಳೆ ಇವತ್ತೇ ನಿಂತು ಮತ್ತೆ ವರ್ಷಗಟ್ಟಲೆ ಬಾರದಿದ್ದರೆ? ಕೊಡೆಯ ತೂತಿನಿಂದ ಕತ್ತಿನೊಳಗೆ ನೀರು ಇಳಿಯುತ್ತಿದ್ದರೂ ಅಜ್ಜಿ ಬರಗಾಲದ್ದೇ ಲೆಕ್ಕ ಹಾಕುತ್ತಾ ಕೂತಿದ್ದಳು.

ಕೊನೆಗೆ ಮಳೆ ನಿಂತು ಬಿಸಿಲು ಬಂತು. ಪಾತಿಯ ಮೇಲಿನ ನೀರು ಇಂಗಿತು. ನಿಂಬೆಯ ಎಲೆಗಳು ಬಾಗಿದವು, ಒಳಕ್ಕೆ ಮುದುಡಿದವು. ಬೇಸಿಗೆಯಿಡೀ ಅಜ್ಜಿ ಓದಿದ ಪಾಠ ಅದೊಂದೇ, ಎಲೆ ಮುದುಡಿತೆಂದರೆ ದಾಹ. ಈಗ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ಅವಳು ಬಿಂದಿಗೆ ತುಂಬಿ ತಂದು ಸುರಿದಳು. ಎಲೆ ಇನ್ನೂ ಬಾಗಿತು. ಇನ್ನೊಂದು ಬಿಂದಿಗೆ ತಂದಳು. ಉಸಿರು ಕಟ್ಟಿದವನು ಬಾಯಿ ತೆರೆದರೆ, ಪಾಪ ಬಾಯಾರಿದೆ ಅಂತ ಲೋಟ ಹಿಡಿದ ಹಾಗೆ.

ಮೂರನೆಯ ಬಿಂದಿಗೆಯನ್ನು ಸೊಸೆ ಕಿತ್ತುಕೊಂಡಳು. ಗುದ್ದಲಿ ತಂದು ಬದು ಒಡೆದಳು. ಅಜ್ಜಿ ತಡೆಯಲಿಲ್ಲ. ಹೊರಬಂದ ನೀರು ಕೊಳೆತು ನಾರುತ್ತಿತ್ತು. ಬುಡ ಕೆದಕಿ ನೋಡಿದರೆ ಬೇರಿನ ಸಿಪ್ಪೆ ನೆನೆಸಿದ ಕಾಳಿನ ಸಿಪ್ಪೆಯ ಹಾಗೆ ಬೆರಳಿಗೇ ಸುಲಿದು ಬಂತು. ಒಳಗೆ ಬರೀ ಮಸಿ. ಸೊಸೆ ಇದ್ದಬದ್ದ ಕಡ್ಡಿಗಳನ್ನೆಲ್ಲ ಕತ್ತರಿಸಿ ಡಬ್ಬಗಳಿಗೆ ನೆಟ್ಟಳು. ತಾಯಿಯಲ್ಲೇ ಜೀವ ಇರಲಿಲ್ಲ, ಅವುಗಳಲ್ಲಿ ಎಲ್ಲಿಂದ ಬರಬೇಕು? ಒಂದೊಂದಾಗಿ ಕಪ್ಪಾದವು. ಬೇಸಿಗೆ ಕೊಲ್ಲಲಾರದ್ದನ್ನು ಅಜ್ಜಿಯ ಪ್ರೀತಿ ಒಂದೇ ವಾರದಲ್ಲಿ ಮುಗಿಸಿತ್ತು.

ಅಜ್ಜಿ ಮಾತು ಬಿಟ್ಟಳು. ಆ ಮನೆಯಲ್ಲಿ ಗಡಿಯಾರ ನಿಂತರೂ ಯಾರೂ ಗಮನಿಸುತ್ತಿರಲಿಲ್ಲ, ಅಜ್ಜಿಯ ಬಾಯಿ ನಿಂತದ್ದು ಮಾತ್ರ ಪಕ್ಕದ ಮನೆಯವರಿಗೂ ನಿದ್ದೆಗೆಡಿಸಿತು. ಸಸಿ ಕೇಳಿ ಬಂದವರಿಗೆ ಸೊಸೆ ಇಲ್ಲವೆನ್ನುವಳು. ಅವರು ಒಣ ಮರವನ್ನೂ ಅಜ್ಜಿಯನ್ನೂ ಒಂದು ಸಲ ನೋಡಿ ಹೋಗುವರು. ಯಜಮಾನರು ನಗಿಸಲು ನೋಡಿದರು.

“ನನ್ನ ಕಾಲು ಹೋದಾಗಲೂ ನೀನು ಹೀಗೆ ಕೂತಿರಲಿಲ್ಲ.”

“ನಿಮ್ಮ ಕಾಲನ್ನ ಕೊಂದಿದ್ದು ನಾನಲ್ಲ,” ಅಂದಳು ಅಜ್ಜಿ. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.

ಕೂತು ತಿನ್ನುವ ಮನೆ ಅದಲ್ಲ. ಒಂದು ದಿನ ಸೊಸೆಯೇ ಹಾದಿ ಹೇಳಿದಳು. ಪಕ್ಕದ ಬೀದಿಯ ಹೊಲಿಗೆಯವಳು ಹಿಂದೊಮ್ಮೆ ಕೊಂಡುಹೋದ ನಿಂಬೆ ಬೇಸಿಗೆಯನ್ನೂ ಮಳೆಯನ್ನೂ ದಾಟಿ ಬದುಕಿದೆಯಂತೆ. ನಮ್ಮದೇ ಗಿಡದ ಮಗಳು ತಾನೆ, ಒಂದು ಹಿಡಿ ಕಡ್ಡಿ ಕೇಳಿ ತಂದರೆ ಮತ್ತೆ ಶುರು ಮಾಡಬಹುದು. ಅವಳ ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅಜ್ಜಿಗೆ ಸುಲಭವಾಗುತ್ತಿತ್ತು. ಜೀವಮಾನದಲ್ಲಿ ಗಿಡ ಕೇಳಲು ಇನ್ನೊಬ್ಬರ ಮನೆಗೆ ಹೋಗದವಳು ಊರುಗೋಲು ಹಿಡಿದು ಹೊರಟಳು. ಸೊಸೆ ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದೆ ನಡೆದಳು.

ಹೊಲಿಗೆಯವಳು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಗೇಟಿಗೆ ಬಂದಳು. ಅವಳ ಹಿಂದೆ, ಬಾವಿಕಟ್ಟೆಯ ಪಕ್ಕದ ಇಳಿಜಾರಿನಲ್ಲಿ, ನಿಂಬೆ ಮೈತುಂಬ ಕಾಯಿ ಹೊತ್ತು ನಿಂತಿತ್ತು. ಬುಡದಲ್ಲಿ ಪಾತಿಯ ಗುರುತೂ ಇರಲಿಲ್ಲ. ಅಜ್ಜಿ ಕೇಳಬೇಕಾದ್ದನ್ನು ಕೇಳಿದಳು, ಅವಳ ಲೆಕ್ಕದಲ್ಲಿ ತೀರ ಸಣ್ಣ ದನಿಯಲ್ಲಿ, ಅಂದರೆ ಅರ್ಧ ಬೀದಿಗೆ ಮಾತ್ರ ಕೇಳುವ ಹಾಗೆ.

ಹೊಲಿಗೆಯವಳು ಗೇಟಿನ ಚಿಲಕದ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ.

“ಕೊಡಬಾರದು ಅಂತ ನೀವೇ ತಾನೆ ಹೇಳಿದ್ದು ಅಜ್ಜಿ? ಕೊಟ್ರೆ ಒಣಗುತ್ತೆ ಅಂತ. ಸ್ವಂತ ತಂಗಿ ಬಂದು ಕೇಳಿದಾಗಲೂ ನಾನು ಕೊಡಲಿಲ್ಲ. ಅವಳು ಇವತ್ತಿಗೂ ನನ್ನ ಹತ್ರ ಮಾತಾಡಲ್ಲ. ಈಗ ನಿಮಗೆ ಹೇಗೆ ಕೊಡಲಿ?”

ಸೊಸೆ ನೆಲ ನೋಡಿದಳು. ಅಜ್ಜಿ ಗೇಟಿನ ಸರಳುಗಳ ನಡುವಿನಿಂದ ತನ್ನ ಗಿಡದ ಮಗಳನ್ನು ನೋಡಿದಳು. ಆಮೇಲೆ ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿದಳು.

“ಹೇಳಿದ್ದೆ ಕಣಮ್ಮ, ನಿಜ. ಇವಳ ತಾಯಿಗೂ ಕೊಡದೆ ಕಾಪಾಡಿದೋಳು ನಾನು. ಯಾರಿಗೂ ಕೊಡದೆ ಇಟ್ಟುಕೊಂಡ ಗಿಡ ಎಷ್ಟು ಚೆನ್ನಾಗಿರುತ್ತೆ ಅಂತ ನೋಡ್ಬೇಕಾದ್ರೆ ಬಾ, ನಮ್ಮ ಹಿತ್ತಲಲ್ಲಿ ನಿಂತಿದೆ. ಇನ್ನೂ ಕಿತ್ತಿಲ್ಲ.”