ಟವೆಲ್ಲಿನ ಮರೆಯ ಸೌದಾ

ಸಾಂಗಲಿಯ ಅರಿಸಿನ ಪೇಟೆಯಲ್ಲಿ, ಅಷ್ಟು ಜನ ವ್ಯಾಪಾರಿಗಳ ನಡುವೆ, ಗಿರಿಜಾ ತನ್ನ ಅಪ್ಪನ ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈ ಮೇಲೆ ಹಾಸಿ, ಅದರ ಕೆಳಗೆ ತನ್ನ ಕೈ ತೂರಿಸಿದಳು. ಅಲ್ಲಿ ಹರಾಜಿನಲ್ಲಿ ದರ ಕುದುರಿಸಿ ಸೌದಾ, ಅಂದರೆ ವ್ಯಾಪಾರ, ಮುಗಿಸುವುದು ಹೀಗೆಯೇ: ಬಟ್ಟೆಯ ಮರೆಯಲ್ಲಿ, ಬೆರಳು ಒತ್ತಿ, ಮೂರನೆಯವರಿಗೆ ತಿಳಿಯದಂತೆ.

ನಮ್ಮೂರ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಗಿರಿಜಾ ಭಾರಿ ಪೈಪೋಟಿಯಲ್ಲಿ ಗೆದ್ದು, ಪುಣೆಯ ವಿಶ್ವವಿದ್ಯಾಲಯವೊಂದರ ಬಿಸಿನೆಸ್ ಪದವಿಗೆ ನೇರ ಎರಡನೇ ವರ್ಷದ ಸೀಟು ಪಡೆದಿದ್ದಳು. ಆ ಪೇಟೆಯಲ್ಲೇ ವ್ಯಾಪಾರಿಯಾಗಿದ್ದ ಅವಳ ಅಪ್ಪ ಒಪ್ಪಿರಲಿಲ್ಲ. ಅವರನ್ನು ಒಪ್ಪಿಸಲು ನಾನು ಅವಳೊಂದಿಗೆ ಪೇಟೆಗೇ ಹೋಗಿ ಎಲ್ಲರೆದುರು ವಾದಿಸಿದೆ.

“ವ್ಯಾಪಾರ ಕಲ್ಯಾಕ ಪೇಟಿ ಬಿಟ್ಟು ಹೋಗೋದೇನ್ರಿ ಸರ್? ಈಜು ಕಲ್ಯಾಕ ಕೃಷ್ಣಾ ಹೊಳಿ ಬಿಟ್ಟು ಬಾವಿಗೆ ಹೋದಂಗಾತು,” ಎಂದರು. ಸುತ್ತಲಿದ್ದವರು ನಕ್ಕರು. ಅಷ್ಟು ಜನರ ಮುಂದೆ ಆಡಿದ ಮಾತನ್ನು ಇನ್ನು ಅವರು ಬದಲಿಸುವಂತಿರಲಿಲ್ಲ.

ಆಗಲೇ ಗಿರಿಜಾ ಟವೆಲ್ ತೆಗೆದದ್ದು. ಅಪ್ಪ ತಲೆ ಅಲ್ಲಾಡಿಸಿದರು. ಅವಳು ಕೈ ಬಿಡಲಿಲ್ಲ. ಕೊನೆಗೆ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಸೌದಾ ಆತು, ಮಗಳ. ಹೋಗಿ ಬಾ,” ಎಂದರು.

ಅವರ ಕಣ್ಣು ತುಂಬಿತ್ತೆಂದು ನನ್ನ ನೆನಪು, ನಾನೇ ಸೇರಿಸಿಕೊಂಡಿರಲೂಬಹುದು. ಆದರೆ ಅಪ್ಪ ಮಣಿದದ್ದು ಜನರಿಗೆ ಸೋಲಾಗಿ ಕಾಣದೆ, ಸೌದಾ ಆಗಿ ಕಾಣುವಂತೆ ಅವಳು ನೋಡಿಕೊಂಡಳು. ಈಗ ಯಾರನ್ನಾದರೂ ಒಪ್ಪಿಸಬೇಕಾದರೆ, ಮೊದಲು ಅವರನ್ನು ಜನರ ನಡುವಿನಿಂದ ಪಕ್ಕಕ್ಕೆ ಕರೆದೊಯ್ಯುತ್ತೇನೆ.